ಬಳೆ ಸುತ್ತಿ ಬಂದ ಖಬರು

ಹೈದರಾಬಾದಿನಿಂದ ಒಂದು ಕಾರ್ಡು ಬಂದಿತ್ತು, ಉರ್ದುವಿನಲ್ಲಿ. ಮನೆಯವರೆಲ್ಲ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಯಾರ ಕೈಲಿ ಓದಿಸೋಣ ಎಂದು ಮಾತಾಡಿಕೊಳ್ಳುತ್ತಿದ್ದಾಗ ನಾನು ಕಸಿದುಕೊಂಡು, ಕನ್ನಡಕ ಏರಿಸಿ, ಬಲಗಡೆಯಿಂದ ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

"ಆಯೀ, ನಿನಗ ಉರ್ದು ಬರ್ತದ?" ಎಂದು ಮೊಮ್ಮಗಳು ಕಣ್ಣರಳಿಸಿದಳು.

ಬರುತ್ತದೆ. ಕಲಿಸಿದವರು ಖಾಲಾ. ಅವರು ತೀರಿಹೋದರೆಂದೇ ಅವರ ಮಗಳು ಆ ಕಾರ್ಡಿನಲ್ಲಿ ಬರೆದಿದ್ದಳು. ಕೊನೆಯ ಎರಡು ಸಾಲು ಮಳೆಹನಿ ಬಿದ್ದು ಅಳಿಸಿಹೋಗಿದ್ದವು. "ಮುಂದ ಹರದದ, ಅಲ್ಲಾಗ ಗೊತ್ತು" ಎಂದು ನನ್ನ ಬಾಯಿಂದ ತಾನಾಗಿ ಹೊರಬಂತು. ಅದು ಖಾಲಾರ ಮಾತು. ಆ ಮಾತು ಬಂದ ಕೂಡಲೇ ಅಳು ಬಂತು, ಅಳುತ್ತ ಅಳುತ್ತ ನಗುವೂ ಬಂತು. ಮನೆಯವರು ಮುದುಕಿಗೆ ಏನೋ ಆಯಿತೆಂದು ನೀರು ತಂದರು.

ಅವರ ಹೆಸರು ನಾನು ಬರೆಯುವುದಿಲ್ಲ. ಗೊತ್ತಿಲ್ಲವೆಂದಲ್ಲ. ಹೊರಗಿನ ಗಂಡಸರ ಕಿವಿಗೆ ತಮ್ಮ ಹೆಸರು ಬೀಳಬಾರದೆಂದು ಜೀವನವಿಡೀ ನೋಡಿಕೊಂಡವರು ಅವರು. ಮುಖಕ್ಕಿದ್ದ ಪರದೆ ಹೆಸರಿಗೂ ಇತ್ತು. ಅದನ್ನು ಅಚ್ಚು ಹಾಕಿಸಿ ಊರೂರಿಗೆ ಹಂಚಲು ನಾನು ಯಾವ ದೊಡ್ಡವಳು? ಖಾಲಾ ಎಂದರೆ ಸಾಕು. ಅಂದರೆ ಚಿಕ್ಕಮ್ಮ. ಓಣಿಯ ಹೆಣ್ಣುಮಕ್ಕಳಿಗೆಲ್ಲ ಅವರು ಖಾಲಾ.

ಈಗ ಬಸವಕಲ್ಯಾಣ ಎನ್ನುವ ಊರಿಗೆ ಆಗ ನಾವು ಕಲ್ಯಾಣಿ ಎನ್ನುತ್ತಿದ್ದೆವು. ಹುಮನಾಬಾದ್ ನನ್ನ ತವರು, ಕಲ್ಯಾಣಿ ಗಂಡನ ಮನೆ. ನಮ್ಮ ಹಿತ್ತಲಿಗೂ ಖಾಲಾರ ಹಿತ್ತಲಿಗೂ ನಡುವೆ ಒಂದೇ ಗೋಡೆ, ಆದರೆ ಮುಂಬಾಗಿಲುಗಳು ಬೇರೆ ಬೇರೆ ಓಣಿಗೆ. ನಮ್ಮ ಬಾಗಿಲಿಂದ ಅವರ ಬಾಗಿಲಿಗೆ ಹೋಗಬೇಕೆಂದರೆ ಅರ್ಧ ಬಜಾರು ಸುತ್ತಬೇಕು. ಹಾಗೆ ಸುತ್ತುವ ಅಗತ್ಯ ಬೀಳಲಿಲ್ಲ, ಏಕೆಂದರೆ ಗೋಡೆಯಲ್ಲೊಂದು ಕಿಂಡಿ ಇತ್ತು. ಅದಕ್ಕೆ ಅವರ ಕಡೆಯಿಂದ ಒಂದು ನೀಲಿ ಪರದೆ. ಕೆಂಡ, ಮಜ್ಜಿಗೆ, ಮೆಹಂದಿ ಎಲೆ, ಮಕ್ಕಳಿಗೆ ತೇಯುವ ಗುಟ್ಟಿ ಔಷಧ, ಓಣಿಯ ಚಾಡಿ ಎಲ್ಲವೂ ಆ ಕಿಂಡಿಯಿಂದಲೇ ಓಡಾಡುತ್ತಿದ್ದವು. ನಮ್ಮ ಮನೆಯ ಗಂಡಸರು ಹಿತ್ತಲಿಗೆ ಬರುವಾಗ ಕೆಮ್ಮುತ್ತಿದ್ದರು, ಪರದೆ ಸರ್ರನೆ ಮುಚ್ಚುತ್ತಿತ್ತು. ಇಪ್ಪತ್ತು ವರ್ಷ ಗೋಡೆಗೆ ಗೋಡೆ ಹಚ್ಚಿ ಬಾಳಿದರೂ ನಮ್ಮ ಮಾವನವರು ಖಾಲಾರ ಮುಖ ನೋಡಿರಲಿಲ್ಲ. ಹೊರಗೆ ಹೊರಟರೆ ಬುರ್ಖಾ, ಅದರ ಮೇಲೆ ಛತ್ರಿ, ಜೊತೆಗೆ ಅವರ ಯಜಮಾನರು.

ಯಜಮಾನರು ಬಳೆ ವ್ಯಾಪಾರಿ. ಹೈದರಾಬಾದಿನಿಂದ ಗಾಜಿನ ಬಳೆ ತರಿಸಿ ಕಲ್ಯಾಣಿಯಲ್ಲೂ ಹುಮನಾಬಾದಿನಲ್ಲೂ ಮಾರುತ್ತಿದ್ದರು. ಬಳೆ ಒಡೆಯದಿರಲಿ ಎಂದು ಅಲ್ಲಿನ ಅಂಗಡಿಯವರು ಡಜನ್ನು ಡಜನ್ನಿಗೆ ಹಳೆಯ ಉರ್ದು ಪೇಪರು ಸುತ್ತಿ ಕಳಿಸುತ್ತಿದ್ದರು. ಆ ಪೇಪರೇ ಖಾಲಾರ ಪೇಪರು. ಅವರ ತಂದೆ ಕೋಟೆಯ ಕಚೇರಿಯಲ್ಲಿ ಮುನ್ಶಿಯಾಗಿದ್ದರಂತೆ. ಗಂಡುಮಕ್ಕಳಿಲ್ಲದ್ದಕ್ಕೆ ತಮ್ಮ ಓದನ್ನೆಲ್ಲ ಮಗಳಿಗೇ ಸುರಿದಿದ್ದರು. ಬುಟ್ಟಿ ಬಂತೆಂದರೆ ಯಜಮಾನರು ಬಳೆ ಎಣಿಸಲು ಕೂರುತ್ತಿದ್ದರು, ಖಾಲಾ ಕಾಗದ ಬಿಡಿಸಲು ಕೂರುತ್ತಿದ್ದರು. ಮುದುಡಿದ ಒಂದೊಂದು ತುಂಡನ್ನೂ ನೆಲಕ್ಕೆ ಹಾಸಿ, ಕೆಂಡ ತುಂಬಿದ ಹಿತ್ತಾಳೆ ತಂಬಿಗೆಯ ತಳದಿಂದ ತೀಡಿ ತೀಡಿ ಇಸ್ತ್ರಿ ಮಾಡುತ್ತಿದ್ದರು. ಆ ಸುಟ್ಟ ಕಾಗದದ ವಾಸನೆ ಗೋಡೆ ದಾಟಿ ಬಂದರೆ ನಮ್ಮ ಅತ್ತೆ, "ಏ, ಬೀ ಅವರ ಖಬರ್ ಬೇಯಾಕತ್ತದ, ಲಗೂನ ಭಾಂಡಿ ತಿಕ್ಕು" ಎನ್ನುತ್ತಿದ್ದರು. ಖಾಲಾರನ್ನು ಅತ್ತೆ ಬೀ ಎಂದೇ ಕರೆಯುತ್ತಿದ್ದರು.

ಮಧ್ಯಾಹ್ನ ಗಂಡಸರು ಉಂಡು ಹೋದ ಮೇಲೆ ಕಿಂಡಿಯ ಮುಂದೆ ಐದಾರು ಹೆಂಗಸರು ಸೇರುತ್ತಿದ್ದೆವು. ಆ ಕಡೆಯಿಂದ ಖಾಲಾ ಓದುತ್ತಿದ್ದರು. ಓದುವುದು ಉರ್ದು, ಹೇಳುವುದು ಕನ್ನಡ. ತುಂಡು ಕಾಗದ ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ ಸುದ್ದಿ ಮುಗಿಯುತ್ತಿತ್ತು. "ಜರ್ಮನಿ ಫೌಜು ನದಿ ದಾಟಿ... ಮುಂದ ಹರದದ, ಅಲ್ಲಾಗ ಗೊತ್ತು." ನಮ್ಮ ಜೀವ ಬಾಯಿಗೆ ಬಂದಿರುತ್ತಿತ್ತು. ಮುಂದಿನ ತುಂಡು ಮುಂದಿನ ಬುಟ್ಟಿಯಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಆ ಫೌಜು ಇನ್ನೂ ನದಿಯೊಳಗೇ ಇದೆ.

ಕಾಗದಗಳು ಹಿಂದುಮುಂದಾಗಿ ಬರುತ್ತಿದ್ದುದರಿಂದ ನಮ್ಮ ಓಣಿಯಲ್ಲಿ ಲಡಾಯಿಯೂ ಹಿಂದುಮುಂದಾಗಿಯೇ ನಡೆಯಿತು. ಜರ್ಮನಿಯ ದೊರೆ ಸತ್ತ ಸುದ್ದಿ ಹಸಿರು ಬಳೆಗೆ ಸುತ್ತಿ ಬಂತು. ಹದಿನೈದು ದಿನದ ನಂತರ ಅದೇ ದೊರೆ ಕೆಂಪು ಬಳೆಗೆ ಸುತ್ತಿಕೊಂಡು ಬಂದು ಗೆದ್ದೇ ಗೆಲ್ಲುತ್ತೇನೆಂದು ಭಾಷಣ ಮಾಡಿದ. "ಸತ್ತಾವ ಹ್ಯಾಂಗ ಮಾತಾಡ್ತಾನ್ರಿ ಬೀ?" ಎಂದು ಅತ್ತೆ ಕೇಳಿದರೆ, "ಅರೆ ಬಾಯಿ, ಅವನ ಸ್ವಭಾವನ ಹಂಗದ" ಎಂದು ಖಾಲಾ ತಣ್ಣಗೆ ಉತ್ತರ ಕೊಟ್ಟರು.

ಅವರ ತರ್ಜುಮೆಯದು ಇನ್ನೊಂದು ಕಥೆ. ಉರ್ದುವಿನ ಒಂದು ಮಾತಿಗೆ ಕನ್ನಡದ ಒಂದು ಮಾತು ಇಟ್ಟು ಅಳೆದು ಕೊಡುತ್ತಿದ್ದರು, ಅರ್ಥ ನಮ್ಮ ಪಾಲಿಗೆ. "ರಷ್ಯಾದವ್ರು ವೈರಿಗಳ ಹಲ್ಲ ಹುಳಿ ಮಾಡ್ಯಾರ" ಎಂದು ಒಮ್ಮೆ ಓದಿದರು. ಸೋಲಿಸಿದರು ಎನ್ನಲು ಉರ್ದುವಿನಲ್ಲಿ ಹಾಗೆ ಹೇಳುತ್ತಾರಂತೆ. ನಾವೇನು ಬಲ್ಲೆವು? ಹುಣಸೆಹಣ್ಣು ತಿನ್ನಿಸಿ ಹಿಂಸೆ ಕೊಟ್ಟಿರಬೇಕು ಎಂದು ಅತ್ತೆ ಎರಡು ದಿನ ಮರುಗಿದರು. ಇನ್ನೊಮ್ಮೆ "ಶಹರದ ಇಟ್ಟಂಗಿಗೆ ಇಟ್ಟಂಗಿ ಬಾರಿಸ್ಯಾರ" ಎಂದಾಗ ನಾನು, "ಯಾರ ಮದವೀರಿ ಖಾಲಾ?" ಎಂದು ಕೇಳಿದೆ. ಅವರು ಆಚೆ ಕಡೆ ಬಿದ್ದು ಬಿದ್ದು ನಕ್ಕ ದನಿ ಇನ್ನೂ ಕಿವಿಯಲ್ಲಿದೆ. ಊರು ನೆಲಸಮವಾಯಿತು ಎಂದು ಅರ್ಥವಂತೆ. ನಕ್ಕು ಮುಗಿದ ಮೇಲೆ, "ನಗಬಾರದಿತ್ತು ಬೇಟಿ, ಎಷ್ಟ ಮನಿ ಬಿದ್ದಾವೋ" ಎಂದರು.

ನಾನು ಮಾತ್ರ ಆ ಕಿಂಡಿಗೆ ಮೋಜಿಗಾಗಿ ಹೋಗುತ್ತಿರಲಿಲ್ಲ. ನನಗಿದ್ದವನು ಒಬ್ಬನೇ ಅಣ್ಣ. ಹುಮನಾಬಾದಿನ ದೊಡ್ಡ ರಸ್ತೆಯಲ್ಲಿ ಲಾರಿ ಓಡಿಸಿಕೊಂಡಿದ್ದವನು ಮಿಲಿಟರಿಯಲ್ಲಿ ಡ್ರೈವರಾಗಿ ಸೇರಿ ಸಿಂಗಾಪುರಕ್ಕೆ ಹೋದ. ಸಿಂಗಾಪುರ ಜಪಾನಿನವರ ಕೈಗೆ ಬಿತ್ತು, ಅಣ್ಣ ಕೈದಿಯಾದ. ಮೂರೂವರೆ ವರ್ಷದಲ್ಲಿ ಒಂದೇ ಒಂದು ಕಾರ್ಡು ಬಂದಿತ್ತು. ಅದರಲ್ಲಿ ಕ್ಷೇಮ ಎಂಬ ಮಾತೂ ಅಚ್ಚಿನದೇ, ಅಣ್ಣನದು ಬರೀ ರುಜು. ಅವ್ವ ಹುಮನಾಬಾದಿನಲ್ಲಿ ಹಾಸಿಗೆ ಹಿಡಿದು ಆ ಕಾರ್ಡನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದಳು. ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, "ಎದಿ ಭಾಳ ನಾಜೂಕ ಅದ. ಕೆಟ್ಟ ಸುದ್ದಿ ಬಂದರ ನಿಮ್ಮವ್ವನ ಮುಂದ ಒದರಬ್ಯಾಡ್ರಿ" ಎಂದಿದ್ದರು.

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಮೂರು ಪಂಚಮಿ ನನ್ನನ್ನು ಕರೆಯಲು ಯಾರೂ ಬರಲಿಲ್ಲ. ನಾನು ಹಟದವಳು. ಅಣ್ಣ ಬರುವ ತನಕ ಹೊಸ ಬಳೆ ತೊಡುವುದಿಲ್ಲ ಎಂದುಬಿಟ್ಟೆ. ಆದರೆ ಪ್ರತಿ ಪಂಚಮಿಗೂ ಶೇಂಗಾ ಉಂಡಿ ಕಟ್ಟಿ ಅವನ ಪಾಲನ್ನು ಒಂದು ಡಬ್ಬಿಯಲ್ಲಿ ಇಡುತ್ತಿದ್ದೆ. ಮುತ್ತೈದೆ ಹೀಗೆ ಮಾಡಬಾರದೆಂದು ಅತ್ತೆ ಗೊಣಗುತ್ತಿದ್ದರು. ಬಳೆ ಮಾರುವವರ ಮನೆಯ ಖಾಲಾ ಮಾತ್ರ ಒಮ್ಮೆಯೂ ತೊಟ್ಟುಕೋ ಎನ್ನಲಿಲ್ಲ. "ಹಳೀವು ಮೂರು ಉಳದಾವ. ಭಾಂಡಿ ತಿಕ್ಕೂ ಮುಂದ ಹುಷಾರು" ಎನ್ನುತ್ತಿದ್ದರು, ಅಷ್ಟೇ.

ಖಾಲಾ ನನಗೆ ಉರ್ದು ಕಲಿಸಿದ್ದೂ ಅಣ್ಣನ ಸಲುವಾಗಿಯೇ. ಅಲಿಫ್ ಬೇ ಆಮೇಲೆ, ಮೊದಲು ಕಲಿತ ಪದ ಸಿಂಗಾಪುರ. ಕಿಂಡಿಯ ಕಟ್ಟೆಯ ಮೇಲೆ ಇದ್ದಿಲಿನಿಂದ ಬರೆದು ತೋರಿಸಿ, "ಇದು ಎಲ್ಲಿ ಕಂಡರೂ ನನಗ ತೋರಿಸು. ನನ್ನ ಕಣ್ಣು ಎರಡ ಅವ, ನಿನ್ನವೂ ಕೂಡಿದ್ರ ನಾಕು" ಎಂದರು. ಬುಟ್ಟಿ ಬಂದ ದಿನ ಅರ್ಧ ಕಾಗದ ಅವರು, ಅರ್ಧ ಕಾಗದ ನಾನು ಹಿಡಿದು ಆ ಒಂದೇ ಪದ ಹುಡುಕುತ್ತಿದ್ದೆವು. ಸಿಕ್ಕ ತುಂಡುಗಳನ್ನು ಖಾಲಾ ಬೇರೆ ತೆಗೆದು ಕುರಾನಿನ ಹಲಗೆಯ ಪಕ್ಕದ ಗೂಡಿನಲ್ಲಿ ಇಡುತ್ತಿದ್ದರು.

ಇನ್ನು ಆ ತಿಂಗಳು. ಆ ಒಂದು ತಿಂಗಳಿಗೆ ನಮ್ಮಲ್ಲಿ ನಾಲ್ಕು ಹೆಸರು. ನಮಗೆ ಶ್ರಾವಣ, ಖಾಲಾರಿಗೆ ರಂಜಾನ್, ನಿಜಾಮ ಸರ್ಕಾರದ ಕಚೇರಿಗೆ ಮೆಹೆರ್, ಪೇಪರಿನ ಮೂಲೆಯಲ್ಲಿ ಅಗಸ್ಟ್, ಸಾವಿರದೊಂಬೈನೂರ ನಲವತ್ತೈದು. ನಾಗರ ಅಮಾವಾಸ್ಯೆ ಕಳೆದು ಚಂದ್ರ ಕಂಡಾಗ ಗೋಡೆಯ ಈ ಕಡೆ ಶ್ರಾವಣ ಹಿಡಿಯಿತು, ಆ ಕಡೆ ರೋಜಾ ಹಿಡಿಯಿತು. ಶ್ರಾವಣವೆಂದರೆ ಬಳೆಯ ಕಾಲ. ಬುಟ್ಟಿಯ ಮೇಲೆ ಬುಟ್ಟಿ ಬಂದವು, ಕಾಗದದ ರಾಶಿಯೇ ಬಿತ್ತು. ಖಾಲಾ ಬಾಯಿ ಒಣಗಿಸಿಕೊಂಡು ದಿನವಿಡೀ ಇಸ್ತ್ರಿ ಮಾಡಿದರು.

ಪಂಚಮಿಯ ಹಿಂದಿನ ದಿನ ಓದುತ್ತ ಓದುತ್ತ ಅವರ ದನಿ ನಿಂತುಹೋಯಿತು.

"ಏನ್ರಿ ಖಾಲಾ, ಹರದದೇನು?" ಎಂದೆ.

"ಇಲ್ಲ ಬೇಟಿ, ಹರದಿಲ್ಲ. ಜಪಾನದಾಗ ಒಂದು ಶಹರ. ಒಂದ ಹವಾಯಿ ಜಹಾಜ ಬಂತು, ಒಂದ ಬಾಂಬ್ ಹಾಕ್ಯಾರ. ಶಹರ ಇಲ್ಲ."

"ಇಲ್ಲ ಅಂದ್ರ?" ಅತ್ತೆ ಕೇಳಿದರು. "ಒಂದ ಬಾಂಬಿಗೆ? ನಮ್ಮ ಕಲ್ಯಾಣಿಯಷ್ಟ ಊರು?"

"ಕಲ್ಯಾಣಿಯಂಥಾವು ಎಷ್ಟೋ ಕೂಡಿದರ ಅಷ್ಟು ದೊಡ್ಡದು."

ಅಣ್ಣನನ್ನು ಹಿಡಿದಿಟ್ಟ ಜಪಾನಿನವರಿಗೆ ಶಾಪ ಹಾಕುತ್ತ ಬಂದವಳು ನಾನು, ಆವತ್ತು ಶಾಪ ಹಾಕಲಿಲ್ಲ. ಖಾಲಾ ಆ ಕಾಗದ ಸುತ್ತಿಬಂದಿದ್ದ ಬಳೆಗಳನ್ನು ಮಡಿಲಲ್ಲಿಟ್ಟುಕೊಂಡು, "ಅಲ್ಲೀ ಹೆಣ್ಣಮಕ್ಕಳೂ ಕೈಗೆ ಏನಾರ ಹಾಕ್ಕೋತಿದ್ದರು, ಅಲ್ಲೇನು?" ಎಂದರು. ಆ ಡಜನ್ನನ್ನು ಅವರು ಮಾರಲು ಕೊಡಲಿಲ್ಲ.

ನಾಲ್ಕನೆಯ ಪಂಚಮಿಯೂ ಹೋಯಿತು. ಉಂಡಿ ಡಬ್ಬಿ ಸೇರಿದವು. ಮೂರನೆಯ ದಿನ ಮಧ್ಯಾಹ್ನ ಕಿಂಡಿಯಿಂದ ಖಾಲಾ ಎಂದೂ ಕೂಗದಷ್ಟು ಜೋರಾಗಿ ಕೂಗಿದರು. "ಬೇಟೀ! ಬಾ ಬಾ ಬಾ! ತಾಜಾ ಅದ, ಇಸ್ತ್ರೀನೂ ಬ್ಯಾಡ!"

ಯಜಮಾನರು ಹುಮನಾಬಾದಿನಲ್ಲೇ ಬಳೆ ಮಾರುತ್ತ ಉಳಿದಿದ್ದರು. ಬಸ್ಸಿನವನ ಕೈಲಿ ಒಂದು ಮುಚ್ಚಿದ ಬುಟ್ಟಿ ಕಳಿಸಿ, ಅದರೊಳಗೆ ಬಳೆಗಳ ಮೇಲೆ ಆವತ್ತಿನದೇ ಜಮೀಮಾ ಇಟ್ಟಿದ್ದರು. ಜಮೀಮಾ ಎಂದರೆ ದೊಡ್ಡ ಸುದ್ದಿ ಬಂದಾಗ ಪೇಪರಿನವರು ಗಡಿಬಿಡಿಯಲ್ಲಿ ಅಚ್ಚು ಹಾಕುವ ಒಂಟಿ ಹಾಳೆ. ಸುಕ್ಕಿಲ್ಲ, ಹರಿದಿಲ್ಲ, ಶಾಯಿ ಇನ್ನೂ ಬೆರಳಿಗೆ ಹತ್ತುತ್ತಿತ್ತು. ಖಾಲಾರ ಕಣ್ಣ ತುಂಬ ನೀರು. ಹಾಳೆಯ ನಡುವೆ ನನ್ನ ಕಣ್ಣಿಗೆ ಆ ಪದ ಬಿತ್ತು. ಸಿಂಗಾಪುರ.

"ಜಪಾನದವ್ರು ಹತ್ಯಾರ ಹಾಕ್ಯಾರ!" ಎಂದು ಓದಿದರು. "ಅವರ ಬಾದಶಹಾನ ಹುಕುಂ ಆಗ್ಯಾದ. ಬರ್ಮಾದಾಗ, ಮಲಾಯಾದಾಗ, ಸಿಂಗಾಪುರದಾಗೂ ಹತ್ಯಾರ ಹಾಕ್ತಾರಂತ! ಬೇಟಿ, ನಿನ್ನ ಅಣ್ಣ... ನಿನ್ನ ಅಣ್ಣ..."

ಅಷ್ಟರಲ್ಲೇ ಅವರ ಮುಂಬಾಗಿಲಲ್ಲಿ ಬಳೆಗೆ ಬಂದ ಹೆಂಗಸರು ಕೂಗಿದರು. ದುಪಟ್ಟಾದಿಂದ ಕಣ್ಣೊರೆಸಿಕೊಳ್ಳುತ್ತ ಖಾಲಾ ಒಳಗೆ ಹೋದರು, ಪರದೆ ಬಿತ್ತು.

ನಾನು ಅಲ್ಲೇ ಕುಕ್ಕರಿಸಿದೆ. ಹತ್ಯಾರ ಎಂದರೆ ಆಯುಧ. ಹತ್ಯಾರ ಹಾಕ್ಯಾರ. ಮೂರು ದಿನದ ಹಿಂದೆ ಬಾಂಬ್ ಹಾಕ್ಯಾರ ಎಂದು ಓದಿದ ಬಾಯಿಯೇ ಈಗ ಹತ್ಯಾರ ಹಾಕ್ಯಾರ ಎಂದಿತ್ತು. ತಮ್ಮ ಶಹರ ಹೋದ ಸಿಟ್ಟಿಗೆ ಜಪಾನಿನವರು ಸಿಂಗಾಪುರಕ್ಕೆ ಹಾಕಿದ್ದಾರೆ. ಕೈದಿಗಳಿರುವ ಊರಿಗೇ ಹಾಕಿದ್ದಾರೆ. ಅದಕ್ಕೇ ಖಾಲಾ ಅತ್ತದ್ದು. ಅಣ್ಣನ ಹೆಸರು ಎತ್ತಿ ಮಾತು ಮುಗಿಸಲಾಗದೆ ಹೋದದ್ದೂ ಅದಕ್ಕೇ.

ಅತ್ತೆ ಎದೆ ಬಡಿದುಕೊಂಡರು. ನನ್ನ ತಲೆಯಲ್ಲಿ ಒಂದೇ ಯೋಚನೆ: ಈ ಸುದ್ದಿ ಇಂದಲ್ಲ ನಾಳೆ ಹುಮನಾಬಾದಿನ ಬಜಾರಿನಲ್ಲಿ ಬಾಯಿಂದ ಬಾಯಿಗೆ ಹೋಗಿ ಅವ್ವನ ಕಿವಿಗೆ ಬೀಳುತ್ತದೆ. ಯಾರೋ ಕಂಡವರು ಒದರುವ ಮೊದಲು ನಾನೇ ಹೋಗಿ, ಅವಳ ಕೈ ಹಿಡಿದುಕೊಂಡು ಹೇಳಬೇಕು. ನನ್ನ ಗಂಡ ಕಾಳು ಖರೀದಿಗೆ ಹಳ್ಳಿಗೆ ಹೋಗಿದ್ದರು. ಅತ್ತೆ ಬೇಡ ಬೇಡ ಎಂದರೂ ಕೇಳದೆ, ಉಂಡಿಯ ಡಬ್ಬಿಯನ್ನು ಎದೆಗೆ ಅವಚಿಕೊಂಡು ಬಸ್ ನಿಲ್ಲುವ ಕಡೆ ಓಡಿದೆ. ಡಬ್ಬಿ ಯಾಕೆ ತೆಗೆದುಕೊಂಡೆನೋ ನನಗೂ ಗೊತ್ತಿಲ್ಲ.

ಲಡಾಯಿಯ ಕಾಲಕ್ಕೆ ಪೆಟ್ರೋಲು ಇರಲಿಲ್ಲ, ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಹಿಂದುಗಡೆ ಒಂದು ದೊಡ್ಡ ಪೀಪಾಯಿ, ಅದರಲ್ಲಿ ಇದ್ದಿಲು ಉರಿಸಿ, ಗಾಳಿ ಹೊಡೆದು, ಗ್ಯಾಸು ಏರುವ ತನಕ ಬಸ್ಸು ಅಲ್ಲಾಡುವುದಿಲ್ಲ. ಆ ದಿನ ಮಳೆಗೆ ನೆನೆದ ಇದ್ದಿಲು ಬರೀ ಹೊಗೆಯಾಡುತ್ತಿತ್ತು. ಡ್ರೈವರು ಬೈಯುತ್ತ ಗಾಳಿಯಂತ್ರದ ಹಿಡಿಕೆ ತಿರುಗಿಸುತ್ತಿದ್ದ. ನಾನು ಒಳಗೆ ಕೂತು, "ಲಗೂ ಬಿಡ್ರಪಾ, ನಮ್ಮವ್ವ ಅಲ್ಲೊಬ್ಬ್ಯಾಕಿ ಅದಾಳ" ಎಂದು ಅಳುತ್ತಿದ್ದೆ. ಪಕ್ಕದಲ್ಲಿದ್ದ ಘಾಟಬೋರಾಳದ ಮುದುಕರೊಬ್ಬರು ದೊಡ್ಡ ಕೆಂಪು ರುಮಾಲು ಸುತ್ತಿಕೊಂಡಿದ್ದರು. "ಸಮಾಧಾನ ಮಾಡ್ಕೋ ತಂಗಿ" ಎಂದು ಅವರು ಹೇಳುತ್ತಲೇ ಇದ್ದರು. ಅಂತೂ ಎಂಜಿನ್ನು ಗುರುಗುಟ್ಟಿತು, ಬಸ್ಸು ಜಗ್ಗಿ ಹೊರಟಿತು.

ಆಗ ಬಜಾರಿನ ಕಡೆಯಿಂದ ಒಂದು ಕೂಗು ಕೇಳಿತು.

ತಿರುಗಿ ನೋಡಿದರೆ ಒಬ್ಬ ಹೆಂಗಸು ಓಡಿ ಬರುತ್ತಿದ್ದಾಳೆ. ಬುರ್ಖಾ ಇಲ್ಲ, ಛತ್ರಿ ಇಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ. ದುಪಟ್ಟಾ ಹೆಗಲಿಂದ ಜಾರಿ ನೆಲಕ್ಕೆ ಎಳೆಯುತ್ತಿದೆ, ನರೆಗೂದಲು ಬಿಚ್ಚಿದೆ. ಕೈಯಲ್ಲಿ ಒಂದು ಹಾಳೆ. ಸಿಂಪಿಗರ ಕಟ್ಟೆಯ ಮೇಲಿದ್ದ ಗಂಡಸರು ಎದ್ದು ನಿಂತುಬಿಟ್ಟಿದ್ದಾರೆ. ಒಂದು ಕ್ಷಣ ನನಗೂ ಗುರುತು ಸಿಗಲಿಲ್ಲ. ಕಿಂಡಿಯ ಚೌಕದಲ್ಲಿ ಮುಖ ಮಾತ್ರ ಕಂಡಿದ್ದವಳಿಗೆ ಅವರ ಎತ್ತರ ಎಷ್ಟೆಂದೇ ಗೊತ್ತಿರಲಿಲ್ಲ!

"ಇಳೀ! ಬೇಟೀ, ಇಳೀ! ಕೆಳಗ ಇಳೀ!"

ಡ್ರೈವರು ಬ್ರೇಕು ಹಾಕಿದ. ಬಾಗಿಲಿಗೆ ಬಂದು ಕಂಬಿ ಹಿಡಿದು ನಿಂತ ಖಾಲಾರಿಗೆ ಉಸಿರು ಸಿಗದು. "ಇಳಿ" ಎಂದು ಇನ್ನೊಮ್ಮೆ ಅಂದವರು ಥಟ್ಟನೆ ಕಣ್ಣರಳಿಸಿದರು.

"ಇಳಿಸ್ಯಾರ!" ಎಂದು ಕೂಗಿದರು. "ಹಾಕಿಲ್ಲ ಬೇಟಿ, ಇಳಿಸ್ಯಾರ! ಈ ದರಿದ್ರ ಮಾತು ಆಗ ನನ್ನ ಬಾಯಿಗೆ ಬರ್ಲಿಲ್ಲ! ಹತ್ಯಾರ ಕೆಳಗ ಇಳಿಸ್ಯಾರ! ಸೋತು, ಕೈಯೆತ್ತಿ, ಇಳಿಸ್ಯಾರ! ಲಡಾಯಿ ಮುಗದದ! ಸಿಂಗಾಪುರದಾಗೂ ಇಳಿಸ್ತಾರ, ಕೈದಿಗಳನ್ನ ಬಿಡ್ತಾರ! ನಿನ್ನ ಅಣ್ಣ ಬರ್ತಾನ! ನಿಮ್ಮವ್ವನ ಮುಂದ ಹೋಗಿ ಏನ್ ಹೇಳಾಕ ಹೊಂಟಿದ್ದಿ ಹುಚ್ಚಿ!"

ಡ್ರೈವರು ಸೀಟಿನಿಂದ ಬಗ್ಗಿ, "ಲಡಾಯಿ ಮುಗೀತಾ ಖಾಲಾ? ಖರೇನಾ?" ಎಂದ. ಖಾಲಾ ಜಮೀಮಾವನ್ನು ಅವನ ಮುಖಕ್ಕೇ ಹಿಡಿದರು. ಅವನು ಓದಿದ. ಓದಿ, ಹಾರ್ನಿನ ರಬ್ಬರು ಉಂಡೆಯನ್ನು ಹಿಡಿದು ಒತ್ತಿದವನು ಬಿಡಲೇ ಇಲ್ಲ. ಭೋಂ ಭೋಂ ಎಂದು ಕಲ್ಯಾಣಿಯ ಬಜಾರೆಲ್ಲ ಬಸ್ಸಿನ ಸುತ್ತ ಕೂಡಿತು. ದಂಡೋರ ಹೊಡೆದದ್ದು ಮಾರನೆಯ ದಿನ, ಕಚೇರಿಯ ಮೇಲೆ ನಿಶಾನೆ ಏರಿದ್ದು ಮಾರನೆಯ ದಿನ. ಜಗತ್ತಿನ ಲಡಾಯಿ ಮುಗಿಯಿತೆಂದು ಕಲ್ಯಾಣಿಗೆ ಮೊದಲು ಸಾರಿದವರು ಖಾಲಾ, ಬಸ್ಸಿನ ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಿಂತು!

ನಾನು ಇಳಿದು ಅವರ ಕೊರಳಿಗೆ ಬಿದ್ದೆ. ಯಾರೋ ನೀರಿನ ತಂಬಿಗೆ ಚಾಚಿದರು. ರೋಜಾ ಇದೆಯೆಂದು ಖಾಲಾ ತಲೆಯಾಡಿಸಿದರು. ಹಾಗೆ ತಲೆಯಾಡಿಸುವಾಗಲೇ ತಮ್ಮ ತಲೆ ಬರಿದಾಗಿದೆಯೆಂದು ಅವರಿಗೆ ಗೊತ್ತಾಯಿತು. ಸುತ್ತಲೂ ಗಂಡಸರು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನನ್ನ ಹೆಗಲಿಗೆ ಹುದುಗಿದರು. ಆಗ ಘಾಟಬೋರಾಳದ ಆ ಮುದುಕರು ಮುಖವನ್ನು ಆ ಕಡೆ ತಿರುಗಿಸಿಕೊಂಡು, ತಮ್ಮ ಕೆಂಪು ರುಮಾಲನ್ನು ಸರಸರನೆ ಬಿಚ್ಚಿ, ಕೈ ಹಿಂದೆ ಮಾಡಿ ಚಾಚಿದರು. "ತಗೋರಿ ತಾಯಿ. ಹೊದ್ಕೋರಿ" ಎಂದರು. ರೈತನ ರುಮಾಲು ಹೊದ್ದುಕೊಂಡು ಖಾಲಾ ನನ್ನ ಕೈ ಹಿಡಿದು ಮನೆಗೆ ನಡೆದರು. ದಾರಿಯಲ್ಲಿ ಜನ ತಾವಾಗಿ ಪಕ್ಕಕ್ಕೆ ಸರಿದರು. ಡಬ್ಬಿಯ ಉಂಡಿಗಳು ಬಸ್ಸಿನಲ್ಲಿ ಯಾರ ಯಾರ ಬಾಯಿಗೆ ಹೋದವೋ, ಡಬ್ಬಿ ಮಾತ್ರ ಖಾಲಿಯಾಗಿ ವಾಪಸು ಬಂತು. ರುಮಾಲನ್ನು ಒಗೆದು, ಮಡಿಚಿ, ಮುದುಕರ ಮನೆಯವರಿಗೆಂದು ಒಂದು ಡಜನ್ ಹಸಿರು ಬಳೆ ಇಟ್ಟು, ಅದೇ ಡ್ರೈವರನ ಕೈಲಿ ಖಾಲಾ ಕಳಿಸಿಕೊಟ್ಟರು.

ಉರ್ದುವಿನಲ್ಲಿ ಹತ್ಯಾರ ಹಾಕುವುದು ಎಂದರೆ ಸೋತು ಶರಣಾಗುವುದಂತೆ. ಹೇಗಾಯಿತೆಂದರೆ, ಗೋಳು ಕೇಳಿ ಕಿಂಡಿಗೆ ಬಂದ ಖಾಲಾ, "ಖುಷೀ ಖಬರಿಗೆ ಯಾಕ ಅಳಾಕತ್ತೀರಿ?" ಎಂದು ಅತ್ತೆಯನ್ನು ಕೇಳಿದ್ದಾರೆ. ಅತ್ತೆ, "ಸಿಂಗಾಪುರದ ಮ್ಯಾಲೆ ಹತ್ಯಾರ ಹಾಕ್ಯಾರ ಅಂದೀರಿ, ಸೊಸಿ ಅವರವ್ವಗ ಹೇಳಾಕ ಹೋದಳ್ರಿ ಬೀ" ಎಂದಿದ್ದಾರೆ. ಬುರ್ಖಾ ಗೂಟದ ಮೇಲೆ ಇತ್ತು. ಅದನ್ನು ತೆಗೆದು ತೊಡುವಷ್ಟು ಹೊತ್ತು ಬಸ್ಸು ನಿಲ್ಲುತ್ತದೋ ಇಲ್ಲವೋ. ಅರ್ಧ ಬಜಾರು ಹಾಗೇ ಓಡಿದರು.

ಓಣಿಯಲ್ಲಿ ನಾಲ್ಕು ದಿನ ಗುಸುಗುಸು ಆಯಿತು. ಹುಮನಾಬಾದಿನಿಂದ ಯಜಮಾನರು ಬಂದಾಗ ನಾನು ಕಿಂಡಿಗೆ ಕಿವಿಯಿಟ್ಟು ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ. ಅವರು ನಮಾಜು ಮುಗಿಸಿದರು. ಆಮೇಲೆ, "ಮೂವತ್ತು ವರ್ಷ ಖಬರ್ ಓದಿದಿ. ಒಂದಿನ ನೀನ ಖಬರ್ ಆದಿ" ಎಂದರು. ಬಳೆ ಕಿಣಿಕಿಣಿ ಎಂದವು. ಇಬ್ಬರೂ ನಗುತ್ತಿದ್ದರು.

ಅವ್ವನಿಗೆ ಸುದ್ದಿ ನಾನೇ ಮುಟ್ಟಿಸಿದೆ, ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೋಗಿ. ಹೋಗುವ ಮುಂಚೆ ಖಾಲಾ ನನ್ನಿಂದ ಆ ಮಾತನ್ನು ಮೂರು ಸಲ ಹೇಳಿಸಿದ್ದರು: ಇಳಿಸ್ಯಾರ, ಇಳಿಸ್ಯಾರ, ಇಳಿಸ್ಯಾರ. ಅವ್ವ ಎದ್ದು ಕೂತಳು. ಎದ್ದು ಕೂತು ಮೊದಲು ಕೇಳಿದ್ದು, "ಉಂಡಿ ಇಟ್ಟೀಯೇನು ಅವಗ?"

ಖಾಲಾರ ಬಗ್ಗೆ ಇನ್ನೂ ಎಷ್ಟೋ ಹೇಳಬಹುದು. ಮೂರು ವರ್ಷಕ್ಕೆ, ನಿಜಾಮ ಸರ್ಕಾರ ಬೀಳುವ ಹೊತ್ತಿಗೆ, ನಮ್ಮ ಸೀಮೆಗೇ ಕೆಟ್ಟ ಕಾಲ ಬಂತು. ಹತ್ತಿರದ ಗೋರ್ಟಾದಲ್ಲಿ ನಡೆದ ಕೊಲೆಗಳ ಸುದ್ದಿ ತಿಳಿಯಲು ಪೇಪರು ಬೇಕಾಗಲಿಲ್ಲ. ಆಮೇಲೆ ಖಾಲಾರ ಕಡೆಯವರ ಮನೆಗಳಲ್ಲೂ ಅಳು ಕೇಳಿತು. ಆ ದಿನಗಳಲ್ಲಿ ನಮ್ಮ ಕಿಂಡಿಯ ಪರದೆ ಒಮ್ಮೆಯೂ ಮುಚ್ಚಲಿಲ್ಲ. ಈ ಕಡೆಯ ರೊಟ್ಟಿ ಆ ಕಡೆಗೆ, ಆ ಕಡೆಯ ಧೈರ್ಯ ಈ ಕಡೆಗೆ ಹೋಗಿ ಬರುತ್ತಿದ್ದವು. ಎಲ್ಲ ತಣ್ಣಗಾದ ಮೇಲೆ ಮಗಳು ಬಂದು ಅವರನ್ನು ಹೈದರಾಬಾದಿಗೆ ಕರೆದೊಯ್ದಳು. ಹೋಗುವಾಗ ಆ ನೀಲಿ ಪರದೆಯನ್ನು ಬಿಚ್ಚಿ ನನಗೇ ಕೊಟ್ಟರು. ನನ್ನ ಪೆಟ್ಟಿಗೆಯಲ್ಲಿದೆ.

ಆದರೆ ನನ್ನ ಖಾಲಾ ನನಗೆ ಆ ಕೆಟ್ಟ ಕಾಲದ ಜೊತೆ ನೆನಪಾಗುವುದಿಲ್ಲ. ಸಂಕ್ರಾಂತಿಯ ಹತ್ತಿರದ ಒಂದು ಮುಂಜಾನೆಯ ಜೊತೆ ನೆನಪಾಗುತ್ತಾರೆ.

ಅಣ್ಣ ಬಂದಿದ್ದ. ಎಲುಬಿಗೆ ಚರ್ಮ ಅಂಟಿಕೊಂಡು, ಅಂಗಿಯೊಳಗೆ ಇನ್ನೊಬ್ಬ ಹಿಡಿಸುವಷ್ಟು ಸೊರಗಿದ್ದ. ಅವ್ವನ ಹತ್ತಿರ ಎರಡು ದಿನ ಇದ್ದು, ಪಂಚಮಿ ಅಲ್ಲದಿದ್ದರೂ ನನ್ನನ್ನು ತವರಿಗೆ ಕರೆಯಲು ಕಲ್ಯಾಣಿಗೆ ಬಂದ. ಬಸ್ಸಿನ ಕಥೆಯನ್ನು ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಅಲ್ಲಿಂದಲೇ ಎದ್ದು ಹಿತ್ತಲಿಗೆ ನಡೆದ, ಕಿಂಡಿಯ ಮುಂದೆ ನಿಂತ, ರೂಢಿಯ ಪ್ರಕಾರ ಕೆಮ್ಮಿದ. ಪರದೆ ಮುಚ್ಚಿಕೊಂಡಿತು. ಮುಚ್ಚಿದ ಪರದೆಗೇ ಕೈ ಮುಗಿದ.

"ಖಾಲಾ, ನಾ ಬಂದೀನ್ರಿ. ಸಿಂಗಾಪುರದಾಂವ."

ಆ ಕಡೆ ಬುಟ್ಟಿಯಿಂದ ಬಳೆ ತೆಗೆಯುವ ಸದ್ದು. ಆಮೇಲೆ ದನಿ ಬಂತು.

"ಬೇಟಾ, ನಿನ್ನ ಸಲುವಾಗಿ ಆವತ್ತು ಅರ್ಧ ಕಲ್ಯಾಣಿ ನನ್ನ ಮಾರಿ ನೋಡ್ಯಾದ. ಡ್ರೈವರ್ ನೋಡ್ಯಾನ, ಸಿಂಪಿಗ್ಯಾರು ನೋಡ್ಯಾರ. ನೀ ಒಬ್ಬನ ಯಾಕ ಉಳೀಬೇಕು?"

ನೀಲಿ ಪರದೆ ಸರಿಯಿತು. ಕಿಂಡಿಯಲ್ಲಿ ಖಾಲಾ, ಕೈಯಲ್ಲಿ ನನಗೆಂದು ಹಿಡಿದ ಒಂದು ಡಜನ್ ಹಸಿರು ಬಳೆ. ಯಾವ ಕಾಗದವನ್ನೂ ಸುತ್ತಿರಲಿಲ್ಲ. ಅಣ್ಣ ತಲೆ ತಗ್ಗಿಸಿ ನೆಲ ನೋಡುತ್ತ ನಿಂತುಬಿಟ್ಟ.

"ತಲಿ ಎತ್ತೋ" ಎಂದರು ಖಾಲಾ. "ಮೂರೂವರೆ ವರ್ಷ ನಿನ್ನ ಹರಕ ಕಾಗದದಾಗ ಹುಡುಕೀನಿ. ನನಗೂ ಒಂದಿಷ್ಟು ನೋಡಗೊಡು."